ಬಾಣಂತಿಯ ಹೊಲಿಗೆ

ಬಾಣಂತಿಯನ್ನು ನೋಡಲು ಬಂದ ಹೆಂಗಸರು ಮೊದಲು ಮಗುವಿನ ಮುಖವನ್ನು ನೋಡುತ್ತಾರೆ. ಮೂಗು ಯಾರ ಹಾಗಿದೆ, ಬಣ್ಣ ಯಾರ ಕಡೆಯದು ಎಂಬ ಮಾತು ಸ್ವಲ್ಪ ಹೊತ್ತು ನಡೆಯುತ್ತದೆ. ಗಂಡಸರು ಹೊರಗಿನ ಪಡಸಾಲೆಗೆ ಹೋದಮೇಲೆ ಅವರಲ್ಲಿ ಹಿರಿಯಳಾದವಳು ಮಂಚದ ಬಳಿ ಬಾಗಿ, ದನಿ ತಗ್ಗಿಸಿ, “ಹೊಲಿಗೆ ಬಿತ್ತೇನಮ್ಮಾ? ಎಷ್ಟು?” ಎಂದು ಕೇಳುತ್ತಾಳೆ. “ಐದಂತೆ, ದೊಡ್ಡಮ್ಮ” ಎಂದು ಉತ್ತರ ಬರುತ್ತದೆ. ದೊಡ್ಡಮ್ಮ ಒಮ್ಮೆ ನಿಟ್ಟುಸಿರು ಬಿಟ್ಟು, “ಮಾಯುತ್ತೆ ಬಿಡು, ನಾವೂ ಪಟ್ಟವರೇ” ಎನ್ನುತ್ತಾಳೆ. ಅಲ್ಲಿಗೆ ಆ ಮಾತು ಮುಗಿಯಿತು. ಹತ್ತು ಹದಿನೈದು ದಿನ ಆ ಹುಡುಗಿ ಸರಿಯಾಗಿ ಕೂರಲಾರದೆ, ಒಂದು ಮಗ್ಗುಲಾಗಿ ಒರಗಿಕೊಂಡು ಮಗುವಿಗೆ ಹಾಲೂಡಿಸುವಳು. ಮನೆಯ ಗಂಡಸರಿಗೆ ಅದರ ಸುಳಿವೇ ಇರುವುದಿಲ್ಲ.

ರಾಜರಿಗೆ ಚರಿತ್ರೆಯಿದೆ, ಯುದ್ಧಗಳಿಗೆ ಚರಿತ್ರೆಯಿದೆ. ದೊಡ್ಡಮ್ಮ ದನಿ ತಗ್ಗಿಸಿ ಕೇಳಿದ ಈ ಐದು ಹೊಲಿಗೆಗಳಿಗೂ ಒಂದು ಚರಿತ್ರೆಯುಂಟು. ಅದು ಇಟಲಿಯ ಸಮುದ್ರತೀರದಲ್ಲಿ, ಫ್ರಾನ್ಸಿನ ಅರಮನೆಯಲ್ಲಿ, ಅಮೆರಿಕದ ಗುಲಾಮರ ಗುಡಿಸಲುಗಳಲ್ಲಿ ಸಾಗಿ ನಮ್ಮ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಬಂದಿದೆ. ಆ ಚರಿತ್ರೆಯಲ್ಲಿ ಕೌಶಲವೂ ಕರುಣೆಯೂ ಇವೆ, ಕ್ರೌರ್ಯವೂ ಇದೆ. ಪಂಡಿತರು ಬಹುಕಾಲ ನಂಬಿಕೊಂಡು ಬಂದ ಒಂದು ದೊಡ್ಡ ತಪ್ಪೂ ಇದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವ ಉದ್ದೇಶ ನನ್ನದು.

ಮೊದಲು, ಹೊಲಿಗೆ ಬೇಕಾಗುವುದೇಕೆ ಎಂಬುದನ್ನು ತಿಳಿಯೋಣ. ಹೆರಿಗೆಯ ದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಸ್ನಾಯುಗಳು ಹೆಣೆದುಕೊಂಡ ಒಂದು ಸಣ್ಣ ಸೇತುವೆಯಿದೆ. ಮಗುವಿನ ತಲೆ ಹೊರಬರುವ ಗಳಿಗೆಯಲ್ಲಿ ಈ ಸೇತುವೆ ಕಾಗದದಷ್ಟು ತೆಳುವಾಗುವಂತೆ ಹಿಗ್ಗಬೇಕು. ಚೊಚ್ಚಲ ಹೆರಿಗೆಯಲ್ಲಿ ಅದು ಎಷ್ಟೋ ಸಲ ಹಿಗ್ಗಲಾರದೆ ಹರಿಯುತ್ತದೆ. ಹರಿದದ್ದು ಚರ್ಮ ಮಾತ್ರವಾದರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಕೆಳಗಿನ ಸ್ನಾಯು ಹರಿದರೆ ಅದನ್ನು ಹೊಲಿದು ಕೂಡಿಸಬೇಕು. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವೇ ಹರಿದು, ಅದು ಕೂಡದೆ ಹೋದರೆ ಹೆಂಗಸಿಗೆ ಮಲವನ್ನೂ ವಾಯುವನ್ನೂ ತಡೆಯುವ ಶಕ್ತಿ ತಪ್ಪುತ್ತದೆ. ಅನಂತರ ಅವಳು ಮದುವೆಮನೆಗೆ ಹೋಗಲಾರಳು, ನೆರೆಮನೆಗೆ ಹೋಗಲಾರಳು, ಕಡೆಗೆ ತನ್ನ ಮನೆಯಲ್ಲಿಯೂ ನಾಲ್ವರ ನಡುವೆ ಕೂರಲಾರಳು. ವೈದ್ಯರು ಈ ಹರಿತವನ್ನು 4 ದರ್ಜೆಗಳಾಗಿ ಎಣಿಸುತ್ತಾರೆ. ಈಗ ಹೇಳಿದ್ದು 3ನೆಯ ಮತ್ತು 4ನೆಯ ದರ್ಜೆಯದು. ಇವು ವಿರಳ. ಆದರೆ ಬಂದವಳ ಬಾಳನ್ನೇ ಹಾಳುಮಾಡಬಲ್ಲವು. ಹೊಲಿಗೆ ಎಂಬುದು ಸಣ್ಣ ಮಾತಲ್ಲವೆಂಬುದಕ್ಕೆ ಇಷ್ಟು ಸಾಕು.

ಗಾಯವನ್ನು ಹೊಲಿಯುವ ವಿದ್ಯೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಸುಶ್ರುತಸಂಹಿತೆಯು ಶಸ್ತ್ರಕರ್ಮಗಳನ್ನು ಎಂಟಾಗಿ ವಿಂಗಡಿಸಿ, ಹೊಲಿಯುವುದನ್ನು ಅವುಗಳಲ್ಲಿ ಒಂದಾಗಿ ಹೇಳುತ್ತದೆ. ಸಣ್ಣ ನೂಲು, ನಾರುಬಟ್ಟೆಯ ಎಳೆ, ಸೆಣಬು, ಅಶ್ಮಂತಕ ಮರದ ನಾರು, ಪ್ರಾಣಿಯ ಸ್ನಾಯುತಂತು, ಕೂದಲು ಇವೆಲ್ಲ ಅಲ್ಲಿ ಹೊಲಿಗೆಯ ದಾರಗಳು. ಮಾಂಸ ಕಡಮೆಯಿರುವ ಕಡೆಗೆ ಎರಡು ಅಂಗುಲದ ದುಂಡು ಸೂಜಿ, ಮಾಂಸಲವಾದ ಕಡೆಗೆ ಮೂರು ಅಂಗುಲದ ಮುಮ್ಮೂಲೆಯ ಸೂಜಿ, ಮರ್ಮಸ್ಥಾನಗಳಿಗೂ ಹೊಟ್ಟೆಗೂ ಬಿಲ್ಲಿನಂತೆ ಬಾಗಿದ ಸೂಜಿ. ಹೊಲಿಗೆಗಳಲ್ಲಿ ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿ ಎಂದು 4 ಬಗೆ. ವೇಲ್ಲಿತಕವೆಂದರೆ ಬಳ್ಳಿಯಂತೆ ಒಂದೇ ದಾರ ಸುತ್ತಿಕೊಂಡು ಸಾಗುವುದು. ಋಜುಗ್ರಂಥಿಯೆಂದರೆ ಒಂದೊಂದನ್ನೇ ಬೇರೆಬೇರೆಯಾಗಿ ಗಂಟುಹಾಕುವುದು. ಇವೆರಡರ ಹೆಸರನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಹೊಲಿಗೆಯನ್ನು ತೀರ ದೂರದೂರ ಹಾಕಿದರೆ ಗಾಯದ ಅಂಚು ನೋಯುವುದು, ತೀರ ಹತ್ತಿರ ಹಾಕಿದರೆ ಅಂಚೇ ಹರಿದುಹೋಗುವುದು ಎಂಬ ಎಚ್ಚರಿಕೆಯೂ ಆ ಗ್ರಂಥದಲ್ಲಿದೆ. ಇದು ಕೈಯಲ್ಲಿ ಸೂಜಿ ಹಿಡಿದು ಪಳಗಿದವನ ಮಾತು.

ಆದರೆ ಸೂಲಿನ ಮನೆ ಬೇರೆಯೇ ಲೋಕ. ಚರಕಸಂಹಿತೆಯು ಸೂತಿಕಾಗಾರದಲ್ಲಿ ಬಸುರಿಯ ಸುತ್ತ ಇರಬೇಕಾದವರು ಹಲವು ಮಕ್ಕಳನ್ನು ಹೆತ್ತ, ಅನುಭವಸ್ಥರಾದ, ಮಮತೆಯುಳ್ಳ ಹೆಂಗಸರು ಎನ್ನುತ್ತದೆ. ನಮ್ಮ ಹಳ್ಳಿಗಳ ಸೂಲಗಿತ್ತಿಯರು ಈ ಪರಂಪರೆಯವರೇ. ಎಣ್ಣೆ, ಬಿಸಿನೀರು, ಸಹನೆ, ಧೈರ್ಯದ ಮಾತು ಇವು ಅವರ ಆಯುಧಗಳು. ಹರಿದದ್ದನ್ನು ಮಾಯಿಸುವ ಭಾರ ಬಾಣಂತನದ ಮೇಲೆಯೇ ಬೀಳುತ್ತಿದ್ದಿತು: ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಸೊಂಟಕ್ಕೆ ಬಿಗಿದ ಸೀರೆ, ಖಾರದ ಪಥ್ಯ, ಮಲಗಿದ್ದಲ್ಲಿಂದ ಏಳಬಾರದೆಂಬ ಕಟ್ಟು. ಸೂಜಿದಾರ ಒಂದು ಕೈಯಲ್ಲಿ, ಹೆರಿಗೆಯ ಅನುಭವ ಇನ್ನೊಂದು ಕೈಯಲ್ಲಿ. ಇವೆರಡು ಕೈಗಳೂ ಕೂಡಿದ್ದು ಎಲ್ಲಿ ಎಂಬುದೇ ನಮ್ಮ ಚರಿತ್ರೆಯ ಮೊದಲ ಪ್ರಶ್ನೆ.

ಅದಕ್ಕೆ ಸ್ಪಷ್ಟವಾದ ಉತ್ತರವೊಂದು ದಕ್ಷಿಣ ಇಟಲಿಯ ಸಲೆರ್ನೋ ಪಟ್ಟಣದಿಂದ ದೊರೆಯುತ್ತದೆ. 12ನೆಯ ಶತಮಾನದಲ್ಲಿ ಆ ಊರು ವೈದ್ಯವಿದ್ಯೆಗೆ ಯೂರೋಪಿನಲ್ಲೆಲ್ಲ ಹೆಸರಾಗಿದ್ದಿತು. ಅಲ್ಲಿ ಟ್ರೋಟಾ ಎಂಬ ವೈದ್ಯೆಯಿದ್ದಳು. ಆಕೆಯ ಚಿಕಿತ್ಸಾಕ್ರಮಗಳು ಸೇರಿರುವ, ಮುಂದೆ ‘ಟ್ರೋಟುಲಾ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಸ್ತ್ರೀವೈದ್ಯದ ಲ್ಯಾಟಿನ್ ಗ್ರಂಥಸಂಗ್ರಹದಲ್ಲಿ ನಮ್ಮ ವಿಷಯವೇ ಇದೆ. ಕಷ್ಟದ ಹೆರಿಗೆಯಿಂದ ಕೆಲವರಿಗೆ ಎರಡು ದ್ವಾರಗಳೂ ಹರಿದು ಒಂದಾಗುತ್ತವೆಂದು ಹೇಳಿ, ಅಂಥವಳಿಗೆ ಏನು ಮಾಡಬೇಕೆಂಬುದನ್ನು ಅಲ್ಲಿ ವಿವರಿಸಿದೆ. ಹೊರಗೆ ಜಾರಿದ ಗರ್ಭಕೋಶವನ್ನು ಬೆಣ್ಣೆ ಬೆರಸಿ ಕಾಯಿಸಿದ ದ್ರಾಕ್ಷಾರಸದಿಂದ ಮೆದುಮಾಡಿ ಒಳಗೆ ಸೇರಿಸಬೇಕು. ಅನಂತರ ಹರಿದ ಜಾಗವನ್ನು ರೇಷ್ಮೆಯ ದಾರದಿಂದ ಮೂರು ನಾಲ್ಕು ಕಡೆ ಹೊಲಿಯಬೇಕು. ಬಾಣಂತಿಯನ್ನು ಕಾಲು ಎತ್ತರವಾಗಿರುವಂತೆ ಎಂಟೊಂಬತ್ತು ದಿನ ಮಲಗಿಸಬೇಕು. ಅವಳಿಗೆ ಅಲ್ಪಾಹಾರ, ಕೆಮ್ಮು ಬರಿಸುವ, ಜೀರ್ಣವಾಗದ ಪದಾರ್ಥಗಳು ವರ್ಜ್ಯ, ಸ್ನಾನವೂ ಕೂಡದು.

ಕೆಮ್ಮು ಬೇಡವೆಂದದ್ದರ ಮರ್ಮವನ್ನು ಹೊಲಿಗೆ ಬಿದ್ದ ಯಾವ ಹೆಂಗಸಿಗೂ ವಿವರಿಸಿ ಹೇಳಬೇಕಾಗಿಲ್ಲ! ಒಂದು ಕೆಮ್ಮಿಗೆ ಹೊಲಿಗೆಯೆಲ್ಲ ಜಗ್ಗುತ್ತದೆ. ಸಲೆರ್ನೋದ ಆ ಗ್ರಂಥವು ಹರಿಯದಂತೆ ತಡೆಯುವ ಉಪಾಯವನ್ನೂ ಹೇಳುತ್ತದೆ: ಬಟ್ಟೆಯನ್ನು ಉಂಡೆ ಮಾಡಿ, ಪ್ರತಿಯೊಂದು ಬೇನೆಯ ತಿಣುಕಿಗೂ ಕೆಳಭಾಗಕ್ಕೆ ಆನಿಸಿ ಆಧಾರ ಕೊಡಬೇಕಂತೆ. ಇಂದಿನ ಸೂಲಗಿತ್ತಿಯೂ ದಾದಿಯೂ ಅಂಗೈಯಿಂದ ಮಾಡುವ ಕೆಲಸವಿದು. 800 ವರ್ಷಗಳ ಹಿಂದಿನ ಈ ಕೆಲವು ಸಾಲುಗಳಲ್ಲಿ ಹೊಲಿಗೆ, ಪಥ್ಯ, ಮುನ್ನೆಚ್ಚರಿಕೆ ಮೂರೂ ಒಟ್ಟಿಗೆ ಬಂದಿವೆ. ಸೂಲಿನ ಮನೆಯೊಳಗೆ ನಿಂತು ನೋಡಿದ ಹೆಣ್ಣಿನ ಅನುಭವ ಅಲ್ಲಿ ಶಾಸ್ತ್ರವಾಗಿದೆ.

ಮುಂದಿನ ಕೆಲವು ಶತಮಾನಗಳಲ್ಲಿ ಈ ವಿದ್ಯೆ ಮೆಲ್ಲಮೆಲ್ಲನೆ ಗಂಡಸರ ಕೈಗೆ ಸರಿಯಿತು. ಫ್ರಾನ್ಸಿನ ರಣವೈದ್ಯ ಆಂಬ್ರ್ವಾಸ್ ಪಾರೇ 16ನೆಯ ಶತಮಾನದಲ್ಲಿ ಹೆರಿಗೆಯ ವಿಷಯಕ್ಕೂ ಕೈಹಾಕಿದನು. ಅವನ ಶಿಷ್ಯ ಜಾಕ್ ಗಿಯೆಮೋ 1609ರಲ್ಲಿ ಪ್ರಕಟಿಸಿದ ಪ್ರಸೂತಿಗ್ರಂಥದಲ್ಲಿ ಇಂಥ ಹರಿತವನ್ನು ಹೊಲಿದು ಗುಣಪಡಿಸಿದ ವಿಚಾರವಿದೆ. ಅದೇ 1609ರಲ್ಲಿ ಲೂಯೀಸ್ ಬೂರ್ಜ್ವಾ ಎಂಬ ಸೂಲಗಿತ್ತಿಯೂ ತನ್ನ ಪುಸ್ತಕವನ್ನು ಅಚ್ಚುಹಾಕಿಸಿದಳು. ಈಕೆ ಫ್ರಾನ್ಸಿನ ರಾಣಿಗೆ ಹೆರಿಗೆ ಮಾಡಿಸಿ, ಮುಂದೆ 13ನೆಯ ಲೂಯಿ ಎನಿಸಿದ ರಾಜಕುಮಾರನನ್ನು 1601ರಲ್ಲಿ ಕೈಗೆತ್ತಿಕೊಂಡವಳು. ಒಂದೇ ನಗರದಲ್ಲಿ, ಒಂದೇ ವರ್ಷದಲ್ಲಿ, ಸೂಲಗಿತ್ತಿಯದೊಂದು ಪುಸ್ತಕ, ಶಸ್ತ್ರವೈದ್ಯನದೊಂದು ಪುಸ್ತಕ! ಕಾಲ ಯಾವ ಕಡೆಗೆ ತಿರುಗುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ.

ಅಲ್ಲಿಯವರೆಗೆ ಮಾತೆಲ್ಲ ತಾನಾಗಿ ಹರಿದದ್ದನ್ನು ಹೊಲಿಯುವುದರದು. 1742ರಲ್ಲಿ ಹೊಸದೊಂದು ಮಾತು ಹುಟ್ಟಿತು. ಐರ್ಲೆಂಡಿನ ಡಬ್ಲಿನ್ ನಗರದ ಫೀಲ್ಡಿಂಗ್ ಔಲ್ಡ್ ಎಂಬ ವೈದ್ಯನು ಆ ವರ್ಷ ಪ್ರಕಟಿಸಿದ ಪ್ರಸೂತಿಗ್ರಂಥದಲ್ಲಿ, ಮಗುವಿನ ತಲೆ ಹೊರಬಾಗಿಲವರೆಗೂ ಬಂದು, ಆ ಬಾಗಿಲು ಅತಿ ಬಿಗಿಯಾಗಿರುವುದರಿಂದ ಮುಂದೆ ಸಾಗದಿದ್ದರೆ, ಬಾಗಿದ ಕತ್ತರಿಯಿಂದ ಕೆಳಮುಖವಾಗಿ ಸ್ವಲ್ಪ ಕತ್ತರಿಸಬೇಕೆಂದು ಬರೆದನು. ಹೆರಿಗೆಯಲ್ಲಿ ವೈದ್ಯನೇ ಬೇಕೆಂದು ಕತ್ತರಿ ಹಾಕುವ ವಿಧಾನವನ್ನು ವಿವರಿಸಿದ ಮೊದಲ ಬರಹ ಇದೆಂದು ಚರಿತ್ರಕಾರರು ಹೇಳುತ್ತಾರೆ. ಔಲ್ಡ್ ಮುಂದೆ ಆ ನಗರದ ರೊಟಂಡಾ ಹೆರಿಗೆ ಆಸ್ಪತ್ರೆಯ ಮುಖ್ಯಾಧಿಕಾರಿಯಾದನು. ಅವನು ಹೇಳಿದ್ದು ಬೇರೆ ದಾರಿಯೇ ಇಲ್ಲದ ವಿಷಮ ಸಂದರ್ಭಕ್ಕೆ ಮಾತ್ರ. ಆಪತ್ತಿಗೆಂದು ಗೋಡೆಗೆ ಇರಿಸಿದ ಬಾಗಿಲು ದಿನಬಳಕೆಯ ಬಾಗಿಲಾದ ಕಥೆ ಮುಂದಿದೆ.

ಅದಕ್ಕೆ ಮುಂಚೆ, ನೆನೆದರೆ ಮನಸ್ಸು ಕಲಕುವ ಒಂದು ಅಧ್ಯಾಯವನ್ನು ದಾಟಬೇಕು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿ ಊರಿನಲ್ಲಿ 1845ರಿಂದ 1849ರವರೆಗೆ ಡಾ. ಮೇರಿಯನ್ ಸಿಮ್ಸ್ ಎಂಬಾತನು ತನ್ನ ಮನೆಯ ಹಿಂಭಾಗದ ಸಣ್ಣ ಆಸ್ಪತ್ರೆಯಲ್ಲಿ ಗುಲಾಮ ಹೆಂಗಸರ ಮೇಲೆ ಶಸ್ತ್ರಕ್ರಿಯೆಗಳನ್ನು ನಡೆಸಿದನು. ಅವರಿಗೆ ಇದ್ದ ರೋಗ ಬರಿಯ ಹರಿತವಲ್ಲ. ಎರಡು ಮೂರು ದಿನ ಮಗು ಸಿಕ್ಕಿಕೊಂಡು ಹೆರಿಗೆಯಾಗದೆ ಹೋದರೆ, ತಲೆಯ ಒತ್ತಡಕ್ಕೆ ಒಳಗಿನ ಮಾಂಸ ಸತ್ತು ತೂತಾಗುತ್ತದೆ. ಅದರಿಂದ ಹಗಲೂ ರಾತ್ರಿ ಮೂತ್ರ, ಕೆಲವರಿಗೆ ಮಲವೂ, ಸೋರುತ್ತಲೇ ಇರುತ್ತದೆ. ಇದನ್ನು ಫಿಸ್ಟುಲಾ ಎನ್ನುತ್ತಾರೆ. ಅನಾರ್ಕಾ ಎಂಬ ಹುಡುಗಿಗೆ ಆಗ ಸುಮಾರು 17 ವರ್ಷ. ಮೂರು ದಿನಗಳ ಹೆರಿಗೆಯಿಂದ ಅವಳಿಗೆ ಈ ಗತಿ ಬಂದಿದ್ದಿತು. ಸಿಮ್ಸ್ ಅವಳೊಬ್ಬಳ ಮೇಲೆಯೇ ಸುಮಾರು 30 ಸಲ ಶಸ್ತ್ರಕ್ರಿಯೆ ಮಾಡಿದನು. ಈಥರ್ ಎಂಬ ಅರಿವಳಿಕೆಯನ್ನು 1846ರಲ್ಲಿ ಬಾಸ್ಟನ್ನಿನಲ್ಲಿ ಬಹಿರಂಗವಾಗಿ ತೋರಿಸಿದ್ದರೂ ಈ ಹೆಂಗಸರಿಗೆ ಅದು ದೊರೆಯಲಿಲ್ಲ. ಒಬ್ಬಳ ಮೇಲೆ ಶಸ್ತ್ರಕ್ರಿಯೆ ನಡೆಯುವಾಗ ಮತ್ತೊಬ್ಬಳು ಕೈಕಾಲು ಹಿಡಿಯುವಳು. ಒಬ್ಬಳ ಗಾಯವನ್ನು ಇನ್ನೊಬ್ಬಳು ತೊಳೆಯುವಳು. ರೇಷ್ಮೆಯ ಹೊಲಿಗೆಗಳು ಮತ್ತೆ ಮತ್ತೆ ಕೀವಾಗಿ ಬಿಟ್ಟುಕೊಂಡುವು. ಕಡೆಗೆ ಸಿಮ್ಸ್ ಅಕ್ಕಸಾಲಿಗನಿಂದ ಬೆಳ್ಳಿಯ ಸಣ್ಣ ತಂತಿಯನ್ನು ಎಳೆಸಿ, 1849ರಲ್ಲಿ ಅದರಿಂದ ಹೊಲಿದಾಗ ಅನಾರ್ಕಾಳ ಗಾಯ ಕೂಡಿತು.

1852ರಲ್ಲಿ ಸಿಮ್ಸ್ ಈ ವಿಧಾನವನ್ನು ಪ್ರಕಟಿಸಿ ಲೋಕಪ್ರಸಿದ್ಧನಾದನು. ನ್ಯೂಯಾರ್ಕಿನಲ್ಲಿ ಅವನ ವಿಗ್ರಹವನ್ನು ನಿಲ್ಲಿಸಿದರು. ಆ ಹೆಂಗಸರಿಗೆ “ಆಗಲಿ” ಎನ್ನುವ ಹಕ್ಕಾಗಲಿ, “ಬೇಡ” ಎನ್ನುವ ಹಕ್ಕಾಗಲಿ ಕಾನೂನಿನಲ್ಲಿ ಇರಲಿಲ್ಲ. ಅವರ ದೇಹ ಅವರ ಒಡೆಯರ ಸೊತ್ತು. ಅವರಲ್ಲಿ ಮೂವರ ಹೆಸರು ಮಾತ್ರ ನಮಗೆ ಉಳಿದಿದೆ: ಅನಾರ್ಕಾ, ಲೂಸಿ, ಬೆಟ್ಸಿ. 2018ರಲ್ಲಿ ನ್ಯೂಯಾರ್ಕ್ ನಗರದವರು ಸೆಂಟ್ರಲ್ ಪಾರ್ಕಿನಿಂದ ಸಿಮ್ಸನ ವಿಗ್ರಹವನ್ನು ತೆಗೆದರು. 2021ರಲ್ಲಿ ಮಾಂಟ್‌ಗೊಮೆರಿಯಲ್ಲಿ ಈ ಮೂವರು ಹೆಂಗಸರ ವಿಗ್ರಹಗಳನ್ನು ನಿಲ್ಲಿಸಲಾಯಿತು. ಈ ವಿದ್ಯೆಯಿಂದ ಲಕ್ಷಾಂತರ ಹೆಂಗಸರು ಉದ್ಧಾರವಾದುದು ಸುಳ್ಳಲ್ಲ. ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಮರೆಯುವುದೂ ನ್ಯಾಯವಲ್ಲ.

19ನೆಯ ಶತಮಾನದ ಉಳಿದ ಭಾಗವು ಹೊಲಿಗೆಗೆ ಮೂರು ವರಗಳನ್ನು ಕೊಟ್ಟಿತು. ಒಂದು, ನೋವಿನ ಶಮನ: 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರಂ ಬಳಸಿದನು, 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ತೆಗೆದುಕೊಂಡಮೇಲೆ ಆಕ್ಷೇಪಿಸುವವರ ಬಾಯಿ ಕಟ್ಟಿತು. ಎರಡು, ನಂಜಿನ ನಿವಾರಣೆ: 1847ರಲ್ಲಿಯೇ ವಿಯೆನ್ನಾದ ಸೆಮ್ಮೆಲ್‌ವೈಸ್, ಹೆರಿಗೆ ಮಾಡಿಸುವವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದನು. 1846ರಲ್ಲಿ ಅವನ ವಾರ್ಡಿನಲ್ಲಿ ನೂರಕ್ಕೆ 11 ಮಂದಿ ತಾಯಂದಿರು ಸಾಯುತ್ತಿದ್ದರು. 1848ರಲ್ಲಿ ಅದು ನೂರಕ್ಕೆ ಸುಮಾರು ಒಂದಕ್ಕೆ ಇಳಿಯಿತು. ಮೂರು, ಕರಗುವ ದಾರ: ಜೋಸೆಫ್ ಲಿಸ್ಟರ್ 1860ರ ದಶಕದ ಕೊನೆಯಲ್ಲಿ ಕುರಿಯ ಕರುಳಿನಿಂದ ತೆಗೆದ ಕ್ಯಾಟ್‌ಗಟ್ ದಾರವನ್ನು ಕಾರ್ಬಾಲಿಕ್ ಆಮ್ಲದಲ್ಲಿ ನೆನಸಿ ನಂಜಿಲ್ಲದಂತೆ ಮಾಡಿದನು. ಈ ದಾರ ಮೈಯೊಳಗೇ ಕರಗಿಹೋಗುತ್ತದೆ. ಹೊಲಿಗೆ ಬಿಚ್ಚಿಸಿಕೊಳ್ಳುವ ಎರಡನೆಯ ಸಂಕಟ ಬಾಣಂತಿಗೆ ತಪ್ಪಿತು.

ಹೊಲಿಗೆ ಹೀಗೆ ಸುರಕ್ಷಿತವೂ ಸುಲಭವೂ ಆದಮೇಲೆ, ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆಯೊಂದು ಹುಟ್ಟಿತು: ಹರಿಯುವವರೆಗೆ ಕಾಯುವುದೇಕೆ? ಮೊದಲೇ ಕತ್ತರಿಸಿ ನೀಟಾಗಿ ಹೊಲಿದರೆ ಆಗದೆ? 1918ರಲ್ಲಿ ಬ್ರೂಕ್ಲಿನ್ನಿನ ವೈದ್ಯ ರಾಲ್ಫ್ ಪಾಮೆರಾಯ್ ಚೊಚ್ಚಲು ಹೆರುವ ಪ್ರತಿಯೊಬ್ಬಳಿಗೂ ಹೀಗೆ ಮಾಡಬಾರದೇಕೆಂದು ಕೇಳಿದನು. 1920ರಲ್ಲಿ ಷಿಕಾಗೋವಿನ ಜೋಸೆಫ್ ಡಿಲೀ ಇದನ್ನೊಂದು ಪದ್ಧತಿಯನ್ನಾಗಿಯೇ ಪ್ರತಿಪಾದಿಸಿದನು: ತಾಯಿಗೆ ಮಂಪರು ಬರಿಸಬೇಕು, ಕತ್ತರಿ ಹಾಕಬೇಕು, ಚಿಮಟದಿಂದ ಮಗುವನ್ನು ಎತ್ತಬೇಕು, ಬಳಿಕ ಹೊಲಿದು ಮೊದಲಿನಂತೆ ಮಾಡಬೇಕು. ಡಿಲೀ ಸಾಮಾನ್ಯನಲ್ಲ. ಬಡಹೆಂಗಸರಿಗಾಗಿ ಷಿಕಾಗೋವಿನಲ್ಲಿ 1895ರಲ್ಲಿ ಹೆರಿಗೆಯ ಚಿಕಿತ್ಸಾಲಯವನ್ನು ತೆರೆದ ಪುಣ್ಯಾತ್ಮ. ಅವನ ವಾದಗಳೂ ಕೇಳುವುದಕ್ಕೆ ನ್ಯಾಯವಾಗಿಯೇ ಇದ್ದುವು. ನೇರವಾಗಿ ಕತ್ತರಿಸಿದ ಗಾಯ ಅಂಕುಡೊಂಕಾಗಿ ಹರಿದ ಗಾಯಕ್ಕಿಂತ ಚೆನ್ನಾಗಿ ಮಾಯುವುದು. ದೊಡ್ಡ ಹರಿತ ತಪ್ಪುವುದು. ಮುಂದೆ ಗರ್ಭಕೋಶ ಜಾರದು. ಮಗುವಿನ ತಲೆಗೆ ಪೆಟ್ಟಾಗದು. ಹೆಂಗಸು ಕನ್ಯೆಯಾಗಿದ್ದಾಗಿನ ಸ್ಥಿತಿಯನ್ನೇ ಪಡೆಯುವಳು.

ಈ ಐದು ಮಾತುಗಳಲ್ಲಿ ಒಂದನ್ನಾದರೂ ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಆದರೂ ದೊಡ್ಡವರ ಮಾತು ಪಠ್ಯಪುಸ್ತಕವಾಯಿತು, ಪಠ್ಯಪುಸ್ತಕ ರೂಢಿಯಾಯಿತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸರಿದಂತೆಲ್ಲ ಕತ್ತರಿಯೂ ಅದರ ಜೊತೆಗೇ ಸಾಗಿತು. ಅಮೆರಿಕದಲ್ಲಿ 1979ರ ಹೊತ್ತಿಗೆ ಸಹಜಮಾರ್ಗದಲ್ಲಿ ಹೆತ್ತ ನೂರು ಹೆಂಗಸರಲ್ಲಿ ಸುಮಾರು 61 ಮಂದಿಗೆ ಕತ್ತರಿ ಬೀಳುತ್ತಿದ್ದಿತು.

ನಮ್ಮಲ್ಲಿಗೂ ಆಧುನಿಕ ಪ್ರಸೂತಿವಿದ್ಯೆ ಆಸ್ಪತ್ರೆಯ ಮೂಲಕವೇ ಬಂದಿತು. 1885ರಲ್ಲಿ ಆರಂಭವಾದ ಡಫರಿನ್ ನಿಧಿಯು ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ದೊರೆಯಬೇಕೆಂದು ದೇಶದಾದ್ಯಂತ ಕೆಲಸಮಾಡಿತು. ಬೆಂಗಳೂರಿನಲ್ಲಿ 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯು ಎಷ್ಟೋ ಮನೆತನಗಳಲ್ಲಿ ಅಜ್ಜಿ, ತಾಯಿ, ಮಗಳು ಮೂರು ತಲೆಮಾರಿನವರೂ ಹುಟ್ಟಿದ ಮನೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಮೇಲೆ ಹಳ್ಳಿಯ ಹೆಂಗಸರೂ ಹೆರಿಗೆಗೆ ಆಸ್ಪತ್ರೆಗೆ ಬರತೊಡಗಿದರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲಿ ಆದುವು. ಇದರಿಂದ ಉಳಿದ ಪ್ರಾಣಗಳೆಷ್ಟು! ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಸ್ಪತ್ರೆಯ ಒಳ್ಳೆಯದರ ಜೊತೆಗೆ ಅದರ ರೂಢಿಯೂ ಬಂದಿತು. ಚೊಚ್ಚಲೆಂದಮೇಲೆ ಕತ್ತರಿ ಬಿದ್ದೇ ತೀರಬೇಕೆಂದು ಹೆಂಗಸರೂ ನಂಬಿಬಿಟ್ಟರು.

ಸಂದೇಹ ಮೊಳೆತದ್ದು ಎಲ್ಲಿ? ಹೆಂಗಸರನ್ನೇ ಕೇಳಿದಾಗ. ಇಂಗ್ಲೆಂಡಿನಲ್ಲಿ ಷೀಲಾ ಕಿಟ್ಸಿಂಗರ್ ಎಂಬ ಮಾನವಶಾಸ್ತ್ರಜ್ಞೆ ಹೊಲಿಗೆ ಬಿದ್ದ ತಾಯಂದಿರ ಅನುಭವಗಳನ್ನು ಕಲೆಹಾಕಿ 1981ರಲ್ಲಿ ಪುಸ್ತಕವನ್ನು ಹೊರತಂದರು. ಅದುವರೆಗೆ ಮುಚ್ಚಿದ ಬಾಗಿಲ ಹಿಂದೆ ಆಡುತ್ತಿದ್ದ ಮಾತು ಅಚ್ಚಾಗಿ ಹೊರಬಂದಿತು. 1983ರಲ್ಲಿ ಅಮೆರಿಕದ ಥ್ಯಾಕರ್ ಮತ್ತು ಬ್ಯಾಂಟಾ ಎಂಬಿಬ್ಬರು 1860ರಿಂದ 1980ರವರೆಗಿನ ವೈದ್ಯಸಾಹಿತ್ಯವನ್ನೆಲ್ಲ ಜಾಲಾಡಿ, ಎಲ್ಲರಿಗೂ ಕತ್ತರಿ ಹಾಕುವ ಪದ್ಧತಿಗೆ ಸರಿಯಾದ ಆಧಾರವೇ ಇಲ್ಲವೆಂದು ತೋರಿಸಿದರು. ಮರುವರ್ಷ, ಎಂದರೆ 1984ರಲ್ಲಿ, ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಸೂಲಗಿತ್ತಿ ಜೆನಿಫರ್ ಸ್ಲೀಪ್ ಮತ್ತು ಸಂಗಡಿಗರ ಪರೀಕ್ಷೆಯ ಫಲ ಪ್ರಕಟವಾಯಿತು. 1,000 ಹೆಂಗಸರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕತ್ತರಿಯನ್ನು ಆದಷ್ಟು ತಪ್ಪಿಸಬೇಕು. ಇನ್ನೊಂದರಲ್ಲಿ ಹರಿಯುವ ಸೂಚನೆ ಕಂಡರೆ ಧಾರಾಳವಾಗಿ ಬಳಸಬಹುದು. ಮೊದಲನೆಯದರಲ್ಲಿ ನೂರಕ್ಕೆ 10 ಮಂದಿಗೆ, ಎರಡನೆಯದರಲ್ಲಿ 51 ಮಂದಿಗೆ ಕತ್ತರಿ ಬಿದ್ದಿತು. ಹತ್ತು ದಿನಗಳ ಮೇಲೆ ಕೇಳಿದರೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ! ಅಷ್ಟು ಜನಕ್ಕೆ ಕತ್ತರಿ ಹಾಕಿದ್ದರಿಂದ ಯಾವ ಲಾಭವೂ ಆಗಲಿಲ್ಲವೆಂದಾಯಿತು.

ಇನ್ನೂ ದೊಡ್ಡ ಪರೀಕ್ಷೆ ಅರ್ಜೆಂಟೈನಾದ 8 ಆಸ್ಪತ್ರೆಗಳಲ್ಲಿ 2,606 ಹೆಂಗಸರನ್ನು ಕುರಿತು ನಡೆದು 1993ರಲ್ಲಿ ಪ್ರಕಟವಾಯಿತು. ರೂಢಿಯಂತೆ ಕತ್ತರಿಸಿದ ಗುಂಪಿನಲ್ಲಿ ನೂರಕ್ಕೆ 83 ಮಂದಿಗೆ, ಅಗತ್ಯವಿದ್ದರೆ ಮಾತ್ರವೆಂಬ ಗುಂಪಿನಲ್ಲಿ 30 ಮಂದಿಗೆ ಕತ್ತರಿ ಬಿದ್ದಿದ್ದಿತು. ಯಾವ ದೊಡ್ಡ ಹರಿತವನ್ನು ತಪ್ಪಿಸಲೆಂದು 70 ವರ್ಷ ಕತ್ತರಿ ಹಾಕಿದರೋ, ಅದು ಮೊದಲನೆಯ ಗುಂಪಿನಲ್ಲಿ ನೂರಕ್ಕೆ 1.5, ಎರಡನೆಯದರಲ್ಲಿ 1.2. ಕತ್ತರಿ ಅದನ್ನು ತಡೆದಿರಲಿಲ್ಲ. ಮಾಯುವ ತೊಂದರೆ, ನೋವು ಇವೂ ಕತ್ತರಿಯ ಗುಂಪಿಗೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2018ರ ತನ್ನ ಮಾರ್ಗದರ್ಶನದಲ್ಲಿ, ಸಹಜ ಹೆರಿಗೆಯಲ್ಲಿ ಎಲ್ಲರಿಗೂ ರೂಢಿಯಂತೆ ಕತ್ತರಿ ಹಾಕುವುದು ಸಲ್ಲದೆಂದು ಸ್ಪಷ್ಟವಾಗಿ ಹೇಳಿತು. ಅಮೆರಿಕದಲ್ಲಿ 61 ಇದ್ದ ಆ ಸಂಖ್ಯೆ 2012ರ ಹೊತ್ತಿಗೆ 12ರ ಆಸುಪಾಸಿಗೆ ಇಳಿದಿದ್ದಿತು. ಮಗುವಿನ ಎದೆಬಡಿತ ಇಳಿಯುತ್ತಿದ್ದು ಬೇಗ ಹೊರತೆಗೆಯಬೇಕಾದಾಗ, ಚಿಮಟ ಬಳಸಬೇಕಾದಾಗ ಕತ್ತರಿ ಇಂದಿಗೂ ಬೇಕು. ಆಗ ಅದು ಪ್ರಾಣವನ್ನು ಉಳಿಸುತ್ತದೆ. ಔಲ್ಡ್ 1742ರಲ್ಲಿ ಹೇಳಿದ ಮಾತಿಗೇ, 250 ವರ್ಷಗಳ ಸುತ್ತು ಹಾಕಿ, ಶಾಸ್ತ್ರ ಮರಳಿದೆ.

ಹೊಲಿಗೆಯ ಬಗೆಗೂ ಹೀಗೆಯೇ ಪರೀಕ್ಷೆ ನಡೆಯಿತು. ಇಂಗ್ಲೆಂಡಿನ ಮತ್ತೊಬ್ಬ ಸೂಲಗಿತ್ತಿ ಕ್ರಿಸ್ಟೀನ್ ಕೆಟಲ್, 1,542 ತಾಯಂದಿರ ಮೇಲೆ ನಡೆಸಿದ ಪರೀಕ್ಷೆಯನ್ನು 2002ರಲ್ಲಿ ಪ್ರಕಟಿಸಿದರು. ಕೆಲವರಿಗೆ ಒಂದೊಂದು ಹೊಲಿಗೆಯನ್ನೂ ಬೇರೆಬೇರೆ ಗಂಟುಹಾಕಿದರು. ಕೆಲವರಿಗೆ ಒಂದೇ ದಾರವನ್ನು ಬಿಗಿಯದೆ, ಸಡಿಲವಾಗಿ, ಒಳಗಿಂದ ಹೊರಕ್ಕೆ ಓಡಿಸಿದರು. ಹತ್ತನೆಯ ದಿನ ನೋವು ಹೇಳಿದವರು ಗಂಟಿನ ಗುಂಪಿನಲ್ಲಿ ನೂರಕ್ಕೆ 44, ಓಟದ ಹೊಲಿಗೆಯ ಗುಂಪಿನಲ್ಲಿ 26 ಅಥವಾ 27. ಗಾಯ ಊದಿಕೊಂಡಾಗ ಒಂಟಿ ಗಂಟು ಕಚ್ಚುತ್ತದೆ. ಓಡುವ ದಾರವಾದರೆ ಆ ಎಳೆತವನ್ನು ಉದ್ದಕ್ಕೂ ಹಂಚಿಕೊಳ್ಳುತ್ತದೆ. ಓದುಗರು ಸುಶ್ರುತನ ಋಜುಗ್ರಂಥಿಯನ್ನೂ ವೇಲ್ಲಿತಕವನ್ನೂ ಇಲ್ಲಿ ನೆನೆಯಬಹುದು. ದಾರವೂ ಬದಲಾಗಿದೆ. ಕುರಿಯ ಕರುಳಿನ ಸ್ಥಾನಕ್ಕೆ 1970ರ ದಶಕದಿಂದೀಚೆಗೆ ಬಂದ, ಬೇಗ ಕರಗುವ ಕೃತಕ ದಾರಗಳು ಬಾಣಂತಿಗೆ ಇನ್ನಷ್ಟು ಹಿತವಾಗಿವೆ.

ಈ ಚರಿತ್ರೆಯಲ್ಲಿ ಅನಾರ್ಕಾಳಿಗೆ ಎದುರಾಗಿ ನಿಲ್ಲಿಸಬೇಕಾದ ಇನ್ನೊಬ್ಬಳ ಹೆಸರಿದೆ. ಆಸ್ಟ್ರೇಲಿಯದ ಕ್ಯಾಥರೀನ್ ಹ್ಯಾಮ್ಲಿನ್, ನ್ಯೂಜಿಲೆಂಡಿನ ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ವೈದ್ಯದಂಪತಿಗಳು 1959ರಲ್ಲಿ ಇಥಿಯೋಪಿಯಕ್ಕೆ ಬಂದು ಫಿಸ್ಟುಲಾ ರೋಗಿಗಳ ಸೇವೆಗೆ ನಿಂತರು. 1962ರಲ್ಲಿ ಅವರಲ್ಲಿಗೆ ಮಮಿತು ಗಾಷೆ ಎಂಬ ಹಳ್ಳಿಯ ಹುಡುಗಿ ರೋಗಿಯಾಗಿ ಬಂದಳು. ಅನಾರ್ಕಾಳ ಸಂಕಟವೇ ಅವಳದೂ. ಓದು ಬರಹ ಬಾರದು. ಅಲ್ಲಿಯೇ ಉಳಿದುಕೊಂಡು ಮೊದಲು ಹಾಸಿಗೆ ಹಾಸಿದಳು, ಆಮೇಲೆ ಶಸ್ತ್ರಕ್ರಿಯೆಯಲ್ಲಿ ಸಲಕರಣೆ ಎತ್ತಿಕೊಟ್ಟಳು, ಕಡೆಗೆ ಸೂಜಿಯನ್ನು ತಾನೇ ಹಿಡಿದಳು. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯು ಹ್ಯಾಮ್ಲಿನ್ ದಂಪತಿಗಳ ಜೊತೆಗೆ ಅವಳಿಗೂ ಚಿನ್ನದ ಪದಕವನ್ನು ಕೊಟ್ಟು ಗೌರವಿಸಿತು. ಹೊಲಿಸಿಕೊಂಡವಳೇ ಹೊಲಿಯುವವಳಾದಳು, ಸಲೆರ್ನೋದಲ್ಲಿ ಒಮ್ಮೆ ಕೂಡಿದ್ದ ಎರಡು ಕೈಗಳು ಮತ್ತೆ ಕೂಡಿದುವು.

ನಮ್ಮ ನಾಡಿನಲ್ಲಿಯೂ ಅಂಥ ಕೈಗಳಿದ್ದುವು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರತೀತಿ. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹಳೆಯ ಸೂಲಗಿತ್ತಿಯರು ಬೇನೆಯ ಕೊನೆಯ ಗಳಿಗೆಯಲ್ಲಿ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡುತ್ತಿದ್ದುದನ್ನು ಕೆಲವರು ಮೂಢಾಚಾರವೆಂದು ನಕ್ಕದ್ದುಂಟು. ಆ ಶಾಖದಿಂದ ದೊಡ್ಡ ಹರಿತ ಕಡಮೆಯಾಗುತ್ತದೆಂದು ಈಚಿನ ಪರೀಕ್ಷೆಗಳು ತೋರಿಸಿವೆ. ಹಳೆಯದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ಕೈ ತೊಳೆಯದ ಸೂಲಗಿತ್ತಿಯಿಂದ ಸತ್ತ ತಾಯಂದಿರೂ ಇದ್ದಾರೆ, ಕೈ ತೊಳೆಯದ ಪ್ರೊಫೆಸರರಿಂದ ಸತ್ತವರೂ ಇದ್ದಾರೆ. ಯಾವುದನ್ನೇ ಆಗಲಿ, ಪರೀಕ್ಷಿಸಿ ನೋಡಬೇಕು. ಪರೀಕ್ಷಿಸುವಾಗ ನೋವು ತಿಂದವಳನ್ನೂ ಕೇಳಬೇಕು.

ಕೊನೆಯದಾಗಿ ಮನೆಯ ಮಾತು. ಹೊಲಿಗೆ ಬಿದ್ದ ಬಾಣಂತಿಗೆ ಶುಚಿ, ಉಗುರುಬೆಚ್ಚನೆಯ ನೀರು, ಸಾಕಷ್ಟು ಕುಡಿಯುವ ನೀರು ಮತ್ತು ಮಲಬದ್ಧವಾಗದಂಥ ಸೊಪ್ಪುಹಣ್ಣುಗಳ ಊಟ ಬೇಕು. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಕೊಡಬಾರದು ಎಂಬ ಪಥ್ಯ ಹೊಲಿಗೆಗೆ ಶತ್ರು. ನೋವು ದಿನದಿನಕ್ಕೆ ಇಳಿಯಬೇಕು. ಏರಿದರೆ, ಜ್ವರ ಬಂದರೆ, ವಾಸನೆಯ ಸ್ರಾವವಾದರೆ, ಹೊಲಿಗೆ ಬಿಟ್ಟುಕೊಂಡರೆ, ಮಲವಾಯುಗಳ ಹಿಡಿತ ತಪ್ಪಿದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. ಎಷ್ಟೇ ತಿಂಗಳ ಮೇಲೆ ಹಿಡಿತ ತಪ್ಪಿದೆಯೆಂದು ತಿಳಿದರೂ ಅದಕ್ಕೆ ಚಿಕಿತ್ಸೆಯುಂಟು. ನಾಚಿಕೊಂಡು ಬಚ್ಚಿಡುವ ರೋಗವಲ್ಲ. ಬಸುರಿಯಾಗಿದ್ದಾಗಲೇ, “ಕತ್ತರಿ ಹಾಕುತ್ತೀರಾ? ಏತಕ್ಕೆ?” ಎಂದು ವೈದ್ಯರನ್ನು ಕೇಳುವ ಹಕ್ಕು ಅವಳಿಗಿದೆ. ಅನಾರ್ಕಾಳಿಗೆ ಇಲ್ಲದಿದ್ದ ಹಕ್ಕು ಅದು.

ಇನ್ನೊಮ್ಮೆ ದೊಡ್ಡಮ್ಮ ಮಂಚದ ಬಳಿ ಬಾಗಿ “ಹೊಲಿಗೆ ಬಿತ್ತೇನಮ್ಮಾ?” ಎಂದು ಕೇಳಿದಾಗ ದನಿ ತಗ್ಗಿಸಬೇಕಾಗಿಲ್ಲ. ಮಗುವನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಕುಳಿತ ತಂದೆಗೂ ಆ ಮಾತು ಕೇಳಲಿ. ಅವನು ಎದ್ದುಹೋಗಿ ಅವಳಿಗೊಂದು ಮೆತ್ತನೆಯ ದಿಂಬನ್ನು ತಂದುಕೊಟ್ಟರೆ, ಈ ಚರಿತ್ರೆಯನ್ನು ಹೇಳಿದ್ದೂ ಸಾರ್ಥಕ.